ಬೆನ್ನು ಕೊಟ್ಟವರು

ಜನವರಿ 9

ಮಾವನವರಿಗೆ,

ಸಭೆಯವರೆಲ್ಲ ನಿಮ್ಮನ್ನು ಹಿರಿಯರು ಎನ್ನುತ್ತಾರೆ. ಒಂದು ಕಾಲಕ್ಕೆ ನಾನೂ ಹಾಗೇ ಕರೆದವಳು. ಹೊರಗೆ ಬಿದ್ದವಳಿಗೆ ಆ ಮಾತಿನ ಹಕ್ಕಿಲ್ಲ. ಅಮ್ಮನ ತಮ್ಮನನ್ನು ಮಾವ ಎನ್ನುವ ಹಕ್ಕನ್ನು ಮಾತ್ರ ಯಾರೂ ಕಿತ್ತುಕೊಂಡಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಹೋದ ವಾರ ಅಮ್ಮನನ್ನು ನೋಡಿದೆ. ಬಟ್ಟೆ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದಳು. ನನ್ನನ್ನು ಕಂಡ ತಕ್ಷಣ ಸಭೆಯ ನಿಯಮದಂತೆ ಬೆನ್ನು ಕೊಟ್ಟು ನಿಂತಳು. ಅದಕ್ಕೆ ನನ್ನ ತಕರಾರಿಲ್ಲ. ಹತ್ತು ವರ್ಷದಿಂದ ಅಮ್ಮ ಎಂದರೆ ನನಗೆ ಬೆನ್ನೇ. ಅದರ ಮೇಲೆ ಯಾವ ಯಾವ ಸ್ವೆಟರು ಬಂದು ಹೋದವು ಎಂದು ಬೇಕಾದರೆ ಹೇಳಬಲ್ಲೆ. ಆದರೆ ಆವತ್ತು ಅವಳು ತಿರುಗಿದ್ದು ಅಂಗಡಿಯ ಗಾಜಿನ ಕಡೆಗೆ. ಗಾಜಿನಲ್ಲಿ ಮುಖ ಕಂಡಿತು. ಬಾಯಿ ಪೂರ್ತಿ ಒಳಗೆ ಹೋಗಿದೆ, ಒಂದು ಹಲ್ಲೂ ಉಳಿದ ಹಾಗಿಲ್ಲ.

ನಾನು ಕೆಲಸ ಮಾಡುವುದು ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಮೇಣದ ಮೇಲೆ ಹಲ್ಲು ಜೋಡಿಸುತ್ತೇವೆ. ದಿನಾ ಊರಿನ ಅಜ್ಜಿಯರಿಗೆಲ್ಲ ಬಾಯಿ ಕಟ್ಟಿಕೊಡುತ್ತೇನೆ. ಅಮ್ಮನಿಗೆ ಒಂದು ಮಾಡಿಕೊಡಲು ಬಿಡಿ. ಔಷಧಿ, ಆಸ್ಪತ್ರೆ ಸಭೆಗೆ ನಿಷಿದ್ಧ ಎಂದು ನನಗೆ ಗೊತ್ತು. ಆದರೆ ಹಲ್ಲು ರೋಗವಲ್ಲ ಎಂದು ನೀವೇ ತೀರ್ಮಾನ ಮಾಡಿದ್ದೀರಿ. ನಿಮಗೆ ದವಡೆ ಬಾತ ವರ್ಷವೇ ಆ ತೀರ್ಮಾನ ಬಂತು ಎಂದು ನಾವೆಲ್ಲ ಆಗ ಬಾಯಿ ಮುಚ್ಚಿಕೊಂಡು ನಕ್ಕಿದ್ದೆವು.

ಯಾರು ಮಾಡಿದ್ದು ಎಂದು ಅವಳಿಗೆ ಹೇಳಬೇಕಾಗಿಲ್ಲ.

ನಿಮ್ಮ ಅಕ್ಕನ ಮಗಳು

ಫೆಬ್ರವರಿ 2

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಸಭೆ ಯಾರನ್ನೂ ಹೊರಗೆ ಹಾಕುವುದಿಲ್ಲ. ಹೋಗುವವರು ತಾವಾಗಿಯೇ ಹೋಗುತ್ತಾರೆ. ಮರಳುವ ದಾರಿ ತಮಗೆ ತಿಳಿದದ್ದೇ. ಎಲ್ಲರ ಎದುರು ನಿಂತು, ಗಂಡನನ್ನು ಆಸ್ಪತ್ರೆಗೆ ಒಯ್ದದ್ದು ತಪ್ಪು, ನನ್ನ ಅಪನಂಬಿಕೆಯಿಂದಲೇ ಅವನು ಸತ್ತ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಒಂದು ವರ್ಷ ಕೊನೆಯ ಸಾಲಿನಲ್ಲಿ ಮಾತಿಲ್ಲದೆ ಕೂರಬೇಕು. ಅಲ್ಲಿಯವರೆಗೆ ತಮ್ಮ ಕೈಯಿಂದ ಏನನ್ನೂ ಪಡೆಯಲಾಗದು.

ತಮ್ಮ ತಾಯಿ ಆರೋಗ್ಯವಾಗಿದ್ದಾರೆ. ಊಟದಲ್ಲಿ ಯಾವ ತೊಂದರೆಯೂ ಇಲ್ಲ.

ಸಭೆಯ ಪರವಾಗಿ,
ಹಿರಿಯರು

ಫೆಬ್ರವರಿ 11

ಮಾವ,

ಟೈಪು ಮಾಡಿದ ಕಾಗದ ಬಂತು. "ಊಟದಲ್ಲಿ ಯಾವ ತೊಂದರೆಯೂ ಇಲ್ಲ." ಹಲ್ಲಿಲ್ಲದವರ ಬಾಯಿಯನ್ನು ನಾನು ದಿನಾ ಕೈಯಲ್ಲಿ ಹಿಡಿಯುತ್ತೇನೆ. ಆ ಸುಳ್ಳನ್ನು ಬೇರೆ ಯಾರಿಗಾದರೂ ಹೇಳಿ.

ಹೊರಗೆ ಬಿದ್ದವರು ನಾವು ನಾಲ್ಕೈದು ಜನ ಭಾನುವಾರ ಬಸ್ ನಿಲ್ದಾಣದ ಹಿಂದಿನ ಟೀ ಅಂಗಡಿಯಲ್ಲಿ ಸೇರುತ್ತೇವೆ. ಸಭೆ ನಡೆಯುವ ಹೊತ್ತಿಗೇ ಸೇರುತ್ತೇವೆ, ಅಭ್ಯಾಸ ಬಿಡುವುದಿಲ್ಲವಲ್ಲ. ಹೋದ ಸಲ ಒಂದು ಮಾತು ಎದ್ದಿತು: ಹಿರಿಯರು ಎದುರಿಗೆ ಸಿಕ್ಕರೆ ಏನು ಹೇಳ್ತೀರಿ? ಲಾರಿ ಡ್ರೈವರು, "ನನ್ನ ಇಪ್ಪತ್ತರ ಪ್ರಾಯ ವಾಪಸ್ ಕೊಡಿ ಅಂತೀನಿ, ಬಡ್ಡಿ ಬೇಡ" ಅಂದ. ನಿಮ್ಮ ತಲೆಗೂದಲು ಕತ್ತರಿಸುತ್ತಿದ್ದ ಕ್ಷೌರದವನು ನೆನಪಿರಬೇಕು. "ಏನೂ ಹೇಳಲ್ಲ, ಚೆನ್ನಾಗಿದ್ದೀರಾ ಅಂತ ಕೇಳ್ತೀನಿ. ಅವರು ಉತ್ತರ ಕೊಡ್ತಾರಾ ನೋಡ್ಬೇಕು" ಅಂದ. ರಿಟೈರಾದ ಟೀಚರಮ್ಮ ಟೀ ಲೋಟ ಕೆಳಗಿಟ್ಟು ಅಳುವುದಕ್ಕೆ ಶುರು ಮಾಡಿದರು. ಅಲ್ಲಿಗೆ ಮಾತು ನಿಂತಿತು.

ನನ್ನ ಸರದಿ ಬರಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ನನ್ನ ಗಂಡ ನಿಮ್ಮ ಸಭಾಂಗಣದ ದೀಪಗಳನ್ನೆಲ್ಲ ಜೋಡಿಸಿದವನು. ನೀವು ಅವನನ್ನು ಲೈಟಿನವನು ಎಂದೇ ಕರೆಯುತ್ತಿದ್ದಿರಿ. ಹೊಟ್ಟೆಯ ಬಲಗಡೆ ನೋವು ಎಂದು ಅವನು ಮಲಗಿದ ದಿನ ನೀವು ಮನೆಗೆ ಬಂದು, "ತಾಳ್ಮೆ ಇರಲಿ, ಮೌನವಾಗಿ ಬೇಡಿಕೊಳ್ಳಿ" ಅಂದಿರಿ. ಬೇಡಿಕೊಂಡೆವು. ಮರುದಿನವೂ ಬೇಡಿಕೊಂಡೆವು. ಅಮ್ಮ ತಲೆದಿಂಬಿನ ಹತ್ತಿರ ಕೂತಿದ್ದಳು. ಅವನು ಕೂಗಬಾರದು ಎಂದು ಬೆಡ್‌ಶೀಟಿನ ಅಂಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದ. ಮೂರನೆಯ ಬೆಳಿಗ್ಗೆ ನೋವು ನಿಂತಿತು. "ನೋಡಿದೆಯಾ" ಅಂದಳು ಅಮ್ಮ. ಆಮೇಲೆ ಅವನ ಮೈ ಬೆಂಕಿಯಾಯಿತು. ನಾನು ಚಪ್ಪಲಿ ಕೂಡ ಹಾಕದೆ ಓಡಿ ಹೋಗಿ ಆಂಬುಲೆನ್ಸ್ ಕರೆದೆ. ಡಾಕ್ಟರು ಹೊರಗೆ ಬಂದು, "ಅಪೆಂಡಿಕ್ಸ್ ಒಳಗೇ ಒಡೆದು ಹೋಗಿದೆ. ನಿನ್ನೆ ತಂದಿದ್ರೂ ಸಾಕಿತ್ತು" ಅಂದರು.

ಅದಾದ ಭಾನುವಾರ ನೀವು ವೇದಿಕೆಯ ಮೇಲೆ ನಿಂತು, ನಾನು ಅವನನ್ನು ಕೊಂದೆ ಎಂದಿರಿ. ಎಲ್ಲರೂ ಎದ್ದು ಬೆನ್ನು ಕೊಟ್ಟರು. ಮೊದಲು ಎದ್ದವಳು ಅಮ್ಮ.

ನನಗೆ ಹಣ ಬೇಡ, ಕ್ಷಮೆ ಬೇಡ, ಕೊನೆಯ ಸಾಲೂ ಬೇಡ. ನಿಮಗೆ ನಿಜವಾಗಿ ಏನನ್ನಿಸುತ್ತದೆ ಎಂದು ಒಂದೇ ಸಲ ಹೇಳಿ. ಕಚೇರಿಯ ಕಾಗದದಲ್ಲಿ ಬೇಡ.

ಏಪ್ರಿಲ್ 20

ಗುಬ್ಬೀ,

ಇದು ನನ್ನ ಕೈಬರಹ. ಅಕ್ಷರ ನಡುಗುತ್ತದೆ, ಓದಿಕೋ. ಹಿಂದಿನ ಪತ್ರವನ್ನು ಗುಮಾಸ್ತ ಬರೆದ, ನಾನು ಸಹಿ ಹಾಕಿದೆ. ಹೊರಗೆ ಹೋದ ಎಲ್ಲರಿಗೂ ಅದೇ ಪತ್ರ ಹೋಗುತ್ತದೆ, ಸತ್ತವರ ಸಂಬಂಧ ಮಾತ್ರ ಬದಲಾಗುತ್ತದೆ. ಒಬ್ಬಳಿಗೆ ಗಂಡ, ಒಬ್ಬಳಿಗೆ ಮಗು.

ನೀನು ಕೇಳಿದೆ, ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಎದೆ ಹಿಡಿದುಕೊಂಡಿತು. ಬೇಡಿಕೊಂಡೆ, ಹೋಗಲಿಲ್ಲ. ಪಕ್ಕದ ಊರಿಗೆ ರೈಲು ಹತ್ತಿ ಹೋಗಿ, ಸುಳ್ಳು ಹೆಸರು ಕೊಟ್ಟು ಡಾಕ್ಟರಿಗೆ ತೋರಿಸಿದೆ. ದಿನಾ ಮೂರು ಮಾತ್ರೆ ನುಂಗುತ್ತೇನೆ. ಮೊದಲನೆಯ ಮಾತ್ರೆ ನುಂಗಿದ ದಿನ ನಿನ್ನ ಲೈಟಿನವನು ನೆನಪಾದ. ಆವತ್ತಿನಿಂದ ದಿನಾ ಮೂರು ಸಲ ನೆನಪಾಗುತ್ತಾನೆ.

ನೀನು ಅವನನ್ನು ಕೊಲ್ಲಲಿಲ್ಲ.

ಇದನ್ನು ವೇದಿಕೆಯ ಮೇಲೆ ಹೇಳು ಎಂದು ಕೇಳಬೇಡ. ಹೆದರಿಕೆಯಿಂದ ಹೇಳುತ್ತಿಲ್ಲ ಎಂದುಕೊಳ್ಳುತ್ತೀಯ. ಹೆದರಿಕೆಯೂ ಇದೆ. ಆದರೆ ಯೋಚನೆ ಮಾಡು. ಸಭೆಯಲ್ಲಿ ನನ್ನ ಮಾತು ನಂಬಿ ಕಾದವರ ಮನೆಗಳಿವೆ. ಮೂರನೆಯ ಸಾಲಿನಲ್ಲಿ ಕೂರುವ ಬಡಗಿಯ ಹೆಂಡತಿ ಎರಡು ಮಕ್ಕಳನ್ನು ಮಣ್ಣು ಮಾಡಿದ್ದಾಳೆ. ಮಕ್ಕಳ ಕಾಲ ಬಂದಿತ್ತು ಎಂಬ ಒಂದು ಮಾತಿನ ಮೇಲೆ ಅವಳು ಬದುಕಿದ್ದಾಳೆ. ಆ ಮಾತು ಕೊಟ್ಟವನು ನಾನು. ಅದನ್ನು ಕಿತ್ತುಕೊಂಡರೆ ಅವಳ ಕೈಗೆ ಏನು ಕೊಡಲಿ? ನೀನು ಸತ್ಯ ಕೇಳುತ್ತೀ, ನಿನಗೆ ತಡೆಯುವ ಎದೆಯಿದೆ. ಎಲ್ಲರಿಗೂ ಇಲ್ಲ.

ಅಕ್ಕನನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ನಿಮ್ಮ ಲ್ಯಾಬಿಗೆ ಅಳತೆ ಬರುವ ಹಾಗೆ ನೋಡಿಕೊಳ್ಳುತ್ತೇನೆ. ನಿನ್ನ ಮಾತು ನಿಜ, ಅವಳು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಾಳೆ.

ಓದಿದ ಮೇಲೆ ಇದನ್ನು ಸುಟ್ಟುಬಿಡು.

ಮಾವ

ಜೂನ್ 3

ಮಾವ,

ಸುಟ್ಟೆ. ಇಟ್ಟುಕೊಂಡು ನಾಳೆ ನಿಮ್ಮ ಮೇಲೆ ಎಸೆಯುತ್ತೇನೋ ಎಂದು ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಅಮ್ಮನ ಬಾಯಿಯ ಅಳತೆ ಬಂತು. ಅಚ್ಚನ್ನು ಬೇರೆ ಯಾರ ಮೇಜಿಗೂ ಬಿಡಲಿಲ್ಲ. ಹಲ್ಲುಗಳನ್ನು ಸಾಲಾಗಿ, ಹೊಸದರ ಹಾಗೆ ಜೋಡಿಸಲಿಲ್ಲ. ಮುಂದಿನ ಒಂದು ಹಲ್ಲು ಸ್ವಲ್ಪ ಓರೆ ಇರುತ್ತಿತ್ತು, ಹಾಗೇ ಇಟ್ಟೆ. ಲ್ಯಾಬಿನ ಯಜಮಾನರು ನೋಡಿ, "ಇದೇನಮ್ಮ, ದುಡ್ಡು ಕೊಟ್ಟು ಸೊಟ್ಟ ಹಲ್ಲು ಹಾಕಿಸ್ಕೊಳ್ತಾರಾ?" ಅಂದರು. "ಅವರು ಕೇಳಿದ್ದು ಹಾಗೇ ಸಾರ್" ಅಂದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ. ನನ್ನ ಅಮ್ಮನ ಪಾಲಿಗೆ ಎರಡೂ ಇರಲಿ.

ನಿಮ್ಮ ಮಾತಿಗೆ ಬರುತ್ತೇನೆ. ಬಡಗಿಯ ಹೆಂಡತಿಯ ವಿಷಯ ಓದಿ ಎರಡು ದಿನ ನೀವು ಹೇಳಿದ್ದೇ ಸರಿ ಅನ್ನಿಸಿತು. ಆಮೇಲೆ ಅವಳ ಮೂರನೆಯ ಮಗು ನೆನಪಾಯಿತು. ಅದು ಇನ್ನೂ ಬದುಕಿದೆ ತಾನೆ? ಅದಕ್ಕೆ ಜ್ವರ ಬಂದರೆ? ಸತ್ತವರನ್ನು ಕಾಯುವ ಭರದಲ್ಲಿ ಬದುಕಿರುವವರನ್ನು ಬಿಟ್ಟುಬಿಟ್ಟಿರಿ ಮಾವ.

ವೇದಿಕೆಯ ಮೇಲೆ ಹೇಳಬೇಡಿ, ಹೋಗಲಿ. ಅಮ್ಮನೊಬ್ಬಳಿಗೆ ಹೇಳಿ. ಅವಳ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು, ತಮ್ಮನಾದವನು ಅಕ್ಕನಿಗೆ ಹೇಳುವ ಹಾಗೆ ಹೇಳಿ. ಅದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ.

ಜೂನ್ 24

ಗುಬ್ಬೀ,

ಹೇಳಿದೆ. ಎಲ್ಲವನ್ನೂ ಹೇಳಿದೆ, ಮಾತ್ರೆಯ ವಿಷಯವನ್ನೂ, ಹಲ್ಲು ಮಾಡಿದವರು ಯಾರು ಎಂಬುದನ್ನೂ. ಅಕ್ಕ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ವಯಸ್ಸಾಗಿದೆ, ಅವಳಿಗೆ ಸ್ವಲ್ಪ ಸಮಯ ಕೊಡೋಣ.

ಮಾವ

ಜೂನ್ 30

ಮಾವ,

ನಿಮ್ಮ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ಏನೂ ಅನ್ನಲಿಲ್ಲ ಎಂದರೆ ಬೈಯಲಿಲ್ಲ ಎಂದೇ ಅರ್ಥ. ಅಮ್ಮನಿಗೆ ಕೋಪ ಬಂದರೆ ಸುಮ್ಮನಿರುವವಳಲ್ಲ, ಅದು ನಿಮಗೂ ಗೊತ್ತು. ಯೋಚನೆ ಮಾಡುತ್ತಿದ್ದಾಳೆ.

ನಿನ್ನೆ ಹೋಗಿ ಕೈಗಳಿರುವ ಒಂದು ಕುರ್ಚಿ ತಂದೆ. ನನ್ನ ಕೋಣೆಯಲ್ಲಿರುವುದು ಎರಡೂ ಬೆಂಚಿನಂಥವು, ಅವಳ ಸೊಂಟಕ್ಕೆ ಆಗುವುದಿಲ್ಲ. ಮೂರನೆಯ ಮಹಡಿ, ಲಿಫ್ಟ್ ಇಲ್ಲ; ಎರಡನೆಯ ಮಹಡಿಯವರನ್ನು ಕೇಳಿದೆ, "ನಮ್ಮನೇಲಿ ಕೂತು ಸುಧಾರಿಸಿಕೊಂಡು ಹತ್ತಲಿ ಬಿಡಮ್ಮ" ಅಂದರು. ಭಾನುವಾರ ಟೀ ಅಂಗಡಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ ಎಂದು ಹೇಳಿ.

ಕ್ಷೌರದವನಿಗೆ ಹೇಳಿದೆ. "ನಿಂಗೆ ಹುಚ್ಚು" ಅಂದ. ಆಮೇಲೆ, "ಬಂದ್ರೆ ನನಗೂ ಒಂದು ಮಾತು ಹೇಳು, ನನ್ನ ತಮ್ಮನ ಮಕ್ಕಳು ಎಷ್ಟುದ್ದ ಆಗಿದ್ದಾರೆ ಅಂತ ಕೇಳೋದಿದೆ" ಅಂದ.

ಜುಲೈ 28

ಮಾವ,

ಒಂದು ತಿಂಗಳಾಯಿತು, ನಿಮ್ಮಿಂದ ಕಾಗದವಿಲ್ಲ. ಮೈ ಹುಷಾರಿದೆಯೇ? ಮಾತ್ರೆ ನಿಲ್ಲಿಸಬೇಡಿ.

ಸೆಪ್ಟೆಂಬರ್ 6

ಗುಬ್ಬೀ,

ವಿಳಾಸ ಬದಲಾಗಿದೆ, ಲಕೋಟೆಯ ಹಿಂದೆ ನೋಡು. ರೈಲ್ವೆ ಗೇಟಿನ ಹತ್ತಿರ ಒಂದು ಬಾಡಿಗೆ ಕೋಣೆ. ಕೆಳಗೆ ಟೈರಿನ ಅಂಗಡಿ.

ಜೂನಿನಲ್ಲಿ ಬರೆದದ್ದು ಪೂರ್ತಿಯಲ್ಲ. ನಾನು ಮಾತು ಮುಗಿಸಿದಾಗ ಅಕ್ಕ ಎದ್ದು, ನಲ್ಲಿಯ ಹತ್ತಿರ ಹೋಗಿ, ಬಾಯಿಂದ ಹಲ್ಲಿನ ಸೆಟ್ ತೆಗೆದಳು. ಚೆನ್ನಾಗಿ ತೊಳೆದು, ಒರೆಸಿ, ನನ್ನ ಮುಂದಿನ ಮೇಜಿನ ಮೇಲಿಟ್ಟಳು. ಮತ್ತೆ ಬೊಚ್ಚು ಬಾಯಲ್ಲಿ ಹೇಳಿದಳು: "ನೀನು ಹೇಳೋದು ನಿಜ ಆದ್ರೆ, ನಾನು ಹತ್ತು ವರ್ಷ ಹೆತ್ತ ಮಗಳಿಗೆ ಬೆನ್ನು ಕೊಟ್ಟಿದ್ದು ಯಾತಕ್ಕೆ? ಅಳಿಯ ಬಟ್ಟೆ ಕಚ್ಕೊಂಡು ಒದ್ದಾಡ್ತಿದ್ದಾಗ ಅವನ ಕೈ ಹಿಡ್ಕೊಂಡು ತಾಳ್ಕೋ ಅಂದಿದ್ದು ಯಾತಕ್ಕೆ? ನಿಜ ಅಲ್ಲ. ನಿಜ ಆಗೋಕೆ ನಾನು ಬಿಡಲ್ಲ."

ಬಡಗಿಯ ಹೆಂಡತಿಯ ಬಗ್ಗೆ ನಿನಗೆ ಬರೆದಿದ್ದೆ. ನನ್ನ ಅಕ್ಕನೂ ಅವಳ ಹಾಗೆಯೇ ಎಂದು ನನಗೆ ಹೊಳೆದಿರಲಿಲ್ಲ.

ಮರುದಿನವೇ ಅವಳು ಉಳಿದ ಹಿರಿಯರ ಹತ್ತಿರ ಹೋಗಿ ಎಲ್ಲ ಹೇಳಿದಳು. ಜುಲೈಯಲ್ಲಿ ಸಭೆ ಕೂಡಿತು. ನಾನು ವೇದಿಕೆಯ ಕೆಳಗೆ ನಿಂತಿದ್ದೆ. ಮೊದಲು ಎದ್ದು ಬೆನ್ನು ಕೊಟ್ಟವಳು ಅವಳೇ. ನನಗೆ ಕೈ ಹಿಡಿದು ಅಕ್ಷರ ಕಲಿಸಿದವಳು.

ಸೆಟ್ ನನ್ನ ಹತ್ತಿರವೇ ಇತ್ತು, ನಿನಗೆ ತೋರಿಸುವ ಧೈರ್ಯವಿರಲಿಲ್ಲ. ಕೋಣೆ ಬದಲಾಯಿಸುವಾಗ ಕಳೆದುಹೋಯಿತು.

ಇಲ್ಲಿ ಟೈರಿನವನು ಬಿಟ್ಟರೆ ಮಾತಾಡುವವರಿಲ್ಲ. ಅವನು ಕೇಳುವುದೂ ಒಂದೇ, "ಬಾಡಿಗೆ ಒಂದನೇ ತಾರೀಖಾ, ಐದನೇ ತಾರೀಖಾ?" ನಿನ್ನೆ ತರಕಾರಿ ಕೊಳ್ಳುವಾಗ ಸಭೆಯ ಹುಡುಗರು ಮೂವರು ಬಂದರು. ಅವರು ಹುಟ್ಟಿದಾಗ ಕಿವಿಯಲ್ಲಿ ಹೆಸರು ಹೇಳಿದವನು ನಾನು. ಮೂವರೂ ಒಟ್ಟಿಗೆ ತಿರುಗಿ ಆಲೂಗಡ್ಡೆಯ ರಾಶಿಯನ್ನೇ ನೋಡುತ್ತ ನಿಂತರು. ಒಂದು ಕ್ಷಣ ನಗು ಬಂತು. ತರಕಾರಿ ಕೊಳ್ಳದೆಯೇ ಮನೆಗೆ ಬಂದೆ.

ನೀನು ಹೇಗೆ ತಡೆದುಕೊಂಡೆ? ಇದನ್ನು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಮಾವ

ಸೆಪ್ಟೆಂಬರ್ 12

ಮಾವ,

ತಡೆದುಕೊಳ್ಳಲಿಲ್ಲ. ಮೊದಲ ವರ್ಷ ನೆನಪೇ ಇಲ್ಲ. ಆಮೇಲೆ ಒಂದು ದಿನ ಲ್ಯಾಬಿನಲ್ಲಿ ಜೊತೆಯವಳೊಬ್ಬಳು, "ನಿನ್ನ ಬೆನ್ನ ಮೇಲೆಲ್ಲ ಪ್ಲಾಸ್ಟರ್ ಪುಡಿ" ಎಂದು ಕೈಯಿಂದ ಕೊಡವಿದಳು. ಅಷ್ಟು ಸಾಕಾಯಿತು ಆ ವಾರಕ್ಕೆ. ಹೀಗೇ ವಾರ ವಾರ ದಾಟಿತು.

ನಿಮ್ಮ ಮೇಲಿನ ಸಿಟ್ಟು ಇಳಿದಿದೆ ಎಂದು ಹೇಳಲಾರೆ. ನೀವು ಬೀದಿಗೆ ಬಿದ್ದಿರಿ ಎಂದು ಓದಿದಾಗ ಮೊದಲು ಆದದ್ದು ಸಂತೋಷವೇ. ಅದು ಸಂಜೆಯವರೆಗೂ ಇರಲಿಲ್ಲ. ಅಮ್ಮನ ಮಾತನ್ನು ನೀವು ಬರೆದದ್ದು ಒಳ್ಳೆಯದಾಯಿತು. ಇಷ್ಟು ವರ್ಷ ಅವಳು ನನ್ನನ್ನು ದ್ವೇಷಿಸುತ್ತಾಳೆ ಎಂದುಕೊಂಡಿದ್ದೆ. ಅವಳಿಗೂ ಗೊತ್ತಿದೆ ಮಾವ. ಗೊತ್ತಿರುವುದರಿಂದಲೇ ತಿರುಗಿ ನೋಡಲಾರಳು. ಇನ್ನು ಅವಳು ಬರುವುದಿಲ್ಲ.

ಭಾನುವಾರ ಟೀ ಅಂಗಡಿಗೆ ಬನ್ನಿ. ಯಾರೂ ನಿಮಗೆ ಎದ್ದು ನಿಲ್ಲುವುದಿಲ್ಲ, ಲಾರಿ ಡ್ರೈವರು ನಾಲ್ಕು ಮಾತು ಆಡಿಯಾನು, ಆಡಿಸಿಕೊಳ್ಳಿ. ಕ್ಷೌರದವನು ನಿಮ್ಮ ತಲೆ ನೋಡಿಕೊಳ್ಳುತ್ತಾನಂತೆ. ಕ್ಷಮಿಸುತ್ತೇನೆ ಎಂದು ಬರೆಯುತ್ತಿಲ್ಲ. ಪಕ್ಕದಲ್ಲಿ ಕೂರುತ್ತೇನೆ, ಅಷ್ಟು ಸಾಧ್ಯ.

ಅಕ್ಟೋಬರ್ 1

ಮಾವ,

ಮೂರು ಭಾನುವಾರ ಕಾದೆವು. ಟೈರಿನ ಅಂಗಡಿಗೆ ಹೋಗಿ ಕೇಳಿದೆ. "ಮುದುಕಪ್ಪನಾ? ಕಾರು ಬಂದು ಕರ್ಕೊಂಡು ಹೋಯ್ತು" ಅಂದ. ಯಾರ ಕಾರು?

ನವೆಂಬರ್ 19

ಗುಬ್ಬೀ,

ಇದನ್ನು ಸಭೆಯ ಒಂದು ಹುಡುಗಿಯ ಕೈಯಲ್ಲಿ ಕದ್ದು ಕಳಿಸುತ್ತಿದ್ದೇನೆ. ಇನ್ನು ಬರೆಯಲಾಗುವುದಿಲ್ಲ.

ಟೀ ಅಂಗಡಿಗೆ ಬರಬೇಕೆಂದು ಹೊರಟಿದ್ದೆ. ಎದುರು ರಸ್ತೆಯವರೆಗೂ ಬಂದೆ. ನೀವು ನಾಲ್ಕು ಜನ ಒಂದು ಮೇಜಿನ ಸುತ್ತ ಕೂತಿದ್ದಿರಿ, ಒಂದು ಕುರ್ಚಿ ಖಾಲಿ ಇತ್ತು. ಕ್ಷೌರದವನು ಏನೋ ಹೇಳಿದ, ನೀನು ನಕ್ಕೆ. ನನಗೆ ಕಂಡದ್ದು ಆ ನಗುವಲ್ಲ, ಆ ಸಣ್ಣ ಮೇಜು. ನನ್ನ ಉಳಿದ ಆಯುಷ್ಯ ಅಷ್ಟೇ ಅಗಲ ಎನ್ನಿಸಿತು. ಹಿಂದಿರುಗಿಬಿಟ್ಟೆ.

ಮರುವಾರ ಸಭೆಯವರಿಗೆ ಹೇಳಿ ಕಳಿಸಿದೆ, ಅವರು ಕಾರು ಕಳಿಸಿದರು. ಎಲ್ಲರ ಎದುರು ನಿಂತು ಹೇಳಿದೆ: ನನ್ನ ಬುದ್ಧಿ ಕೆಟ್ಟಿತ್ತು, ಕೆಡಿಸಿದವಳು ನೀನು, ಲೈಟಿನವನನ್ನು ಕೊಂದವಳೂ ನೀನು. ಬಾಯಿ ತಾನಾಗಿಯೇ ಹೇಳಿತು, ನಲವತ್ತು ವರ್ಷ ಅಭ್ಯಾಸವಾದ ಬಾಯಿ. ಹೇಳಿ ಮುಗಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಹತ್ತಿರ ಬಂದು, "ಒಣಗಿ ಹೋಗಿದ್ದೀಯಲ್ಲೋ" ಅಂದಳು. ನೀರು ಕೊಟ್ಟಳು.

ಅದಕ್ಕಾಗಿ ಹೇಳಿದೆ ಗುಬ್ಬೀ. ಬೇರೆ ಕಾರಣವಿಲ್ಲ.

ಮಾತ್ರೆಗಳನ್ನು ತೆಗೆದುಕೊಂಡುಬಿಟ್ಟರು. ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಒಂದು ವರ್ಷ ಪೂರ್ತಿಯಾಗುವುದು ಅನುಮಾನ.

ನವೆಂಬರ್ 23

ಮಾವ,

ಕಾಗದ ತಂದ ಹುಡುಗಿ ಉತ್ತರಕ್ಕೆಂದು ಮತ್ತೆ ಬಂದು ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ, ಬೇಗ ಬರೆಯುತ್ತೇನೆ. ಓದಿ ಇದನ್ನು ಹರಿದುಬಿಡಿ.

ಬೈಯಬೇಕೆಂದು ಕೂತೆ. ನಾಲ್ಕು ದಿನ ಮಾತು ಕೂಡಿಸಿದೆ. ಆದರೆ ನಿನ್ನೆ ಬೆಳಿಗ್ಗೆ ಮುಖ ತೊಳೆಯುವಾಗ ಕನ್ನಡಿಯ ಮುಂದೆ ಆ ತಪ್ಪೊಪ್ಪಿಗೆಯನ್ನು ನಾನೂ ಹೇಳಿ ನೋಡಿದೆ. "ನನ್ನ ಅಪನಂಬಿಕೆಯಿಂದ" ಎನ್ನುವವರೆಗೆ ಬಂತು. ಅಷ್ಟು ಹೇಳಿದರೆ ಅಮ್ಮ ನನ್ನ ಕಡೆಗೂ ತಿರುಗುತ್ತಾಳಲ್ಲ, ನನಗೂ ನೀರು ಕೊಡುತ್ತಾಳಲ್ಲ. ಮುಂದಿನ ಪದಕ್ಕೆ ಬೆಡ್‌ಶೀಟು ಕಚ್ಚಿಕೊಂಡ ಆ ಮುಖ ಎದುರು ನಿಂತಿತು. ಆಗಲಿಲ್ಲ. ನಾನು ನಿಮಗಿಂತ ಗಟ್ಟಿ ಎಂದು ಇದರ ಅರ್ಥವಲ್ಲ. ನಿಮ್ಮ ಎದುರು ಸತ್ತವನು ಯಾರೋ, ನನ್ನ ಎದುರು ಸತ್ತವನು ನನ್ನವನು, ಅಷ್ಟೇ.

ನೀವು ಹೇಳಿದ ಮಾತಿನಿಂದ ನಾಳೆ ಯಾವುದೋ ಮನೆಯಲ್ಲಿ ಮತ್ತೆ ಯಾರೋ ಬೇಡಿಕೊಳ್ಳುತ್ತ ಕಾಯುತ್ತಾರೆ. ಅದನ್ನು ನೀವು ಬಲ್ಲಿರಿ, ನಾನು ಬರೆಯುವ ಅಗತ್ಯವಿಲ್ಲ. ಈ ಹುಡುಗಿಗೆ ಬಹಳ ದಿನದಿಂದ ಕೆಮ್ಮು ಇದೆ. ಡಾಕ್ಟರ ಹತ್ತಿರ ಹೋಗೋಣ ಬಾ ಅಂದೆ, ಕಿವಿ ಮುಚ್ಚಿಕೊಂಡಳು. ಅವಳನ್ನಾದರೂ ನೋಡಿಕೊಳ್ಳಿ ಎಂದು ನಿಮಗೆ ಹೇಳಬೇಕೆಂದರೆ, ನಿಮಗೀಗ ಬಾಯಿಯೇ ಇಲ್ಲ.

ಅಮ್ಮನಿಗೆ ಏನಾದರೂ ಆದರೆ ತಿಳಿಸುವ ಸಾಹಸ ಮಾಡಬೇಡಿ. ತಿಳಿಸಿದ್ದು ಗೊತ್ತಾದರೆ ನಿಮ್ಮ ವರ್ಷ ಮೊದಲಿನಿಂದ ಶುರುವಾಗುತ್ತದೆ. ಪೇಟೆಯಲ್ಲಿ ಎಂದಾದರೂ ನೀವಿಬ್ಬರೂ ಒಟ್ಟಿಗೆ ಕಂಡರೆ, ಈ ವಯಸ್ಸಿನಲ್ಲಿ ಗಡಬಡಿಸಿ ತಿರುಗಲು ಹೋಗಿ ಬೀಳಬೇಡಿ. ನಾನೇ ರಸ್ತೆ ದಾಟಿ ಆ ಕಡೆಗೆ ಹೋಗುತ್ತೇನೆ.